ಅತ್ತೆ ಬರೆಯಲೊಪ್ಪದ ಸಾಲು

ನಮ್ಮ ಅತ್ತೆಯನ್ನು ಊರಿಗೆ ಊರೇ ಕರೆಯುತ್ತಿದ್ದದ್ದು ಟೈಪಕ್ಕ ಎಂದು. ಅಪ್ಪನ ತಂಗಿ. ನಿಜವಾದ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಕೋರ್ಟಿನ ಎದುರಿಗಿದ್ದ ಟೈಪಿಂಗ್ ಅಂಗಡಿಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ, ಊರಿನವರ ಅರ್ಜಿಗಳನ್ನೆಲ್ಲ ಟಕಟಕ ಬಡಿದಳು. ಕೆಲಸ ಕೊಡಿ ಎನ್ನುವ ಅರ್ಜಿ, ವರ್ಗ ಮಾಡಿ ಎನ್ನುವ ಅರ್ಜಿ, ವರ್ಗ ಮಾಡಬೇಡಿ ಎನ್ನುವ ಅರ್ಜಿ, ತಪ್ಪಾಯಿತು ಕ್ಷಮಿಸಿ ಎನ್ನುವ ಅರ್ಜಿ. ನಮ್ಮೂರಲ್ಲಿ ಯಾರಿಗಾದರೂ ನೌಕರಿ ಸಿಕ್ಕಿತೆಂದರೆ ಅದರಲ್ಲಿ ಅತ್ತೆಯ ಹತ್ತು ಬೆರಳಿನ ಪಾಲು ಇದ್ದೇ ಇರುತ್ತಿತ್ತು.

ಅವಳ ಬಗ್ಗೆ ಹೇಳಬೇಕೆಂದರೆ ಒಂದು ಇಂಗ್ಲಿಷ್ ಸಾಲಿನಿಂದ ಶುರು ಮಾಡಬೇಕು. ಕೆಲಸದ ಅರ್ಜಿ ಬರೆಸಿದವರಿಗೆಲ್ಲ ಗೊತ್ತಿರುವ ಸಾಲು ಅದು: ‘ಏಬಲ್ ಟು ಅಡಾಪ್ಟ್ ಟು ಎನಿ ಸರ್ಕಮ್‌ಸ್ಟಾನ್ಸಸ್.’ ಯಾವುದೇ ಪರಿಸ್ಥಿತಿಗೂ ಹೊಂದಿಕೊಳ್ಳಬಲ್ಲೆ ಎಂದು ಅರ್ಥ. ಅಂಗಡಿಯ ಯಜಮಾನರು ಹಳೆಯ ಪುಸ್ತಕವೊಂದರಿಂದ ಎತ್ತಿಕೊಟ್ಟಿದ್ದು. ಸೇರಿದ ಹೊಸದರಲ್ಲಿ ಅತ್ತೆ ಹಿಂದೆ ಮುಂದೆ ನೋಡದೆ ಎಲ್ಲರ ಅರ್ಜಿಯ ಕೊನೆಗೂ ಅದನ್ನು ಅಂಟಿಸುತ್ತಿದ್ದಳು. ಓದಲು ಗಂಭೀರವಾಗಿತ್ತು, ಬರೆಸಿದವರಿಗೂ ಖುಷಿ. ಅಂಗಡಿಯಲ್ಲಿ ಅದಕ್ಕೆ ‘ಅಡಾಪ್ಟ್ ಸಾಲು’ ಎಂದೇ ಹೆಸರಿತ್ತು.

ಹೀಗಿರುವಾಗ ಬಿಸ್ಕತ್ತು ಕಾರ್ಖಾನೆಯವರು ಪ್ಯಾಕಿಂಗಿಗೆ ಜನ ಬೇಕು ಎಂದರು. ನಮ್ಮ ಬೀದಿ, ಹಿಂದಿನ ಬೀದಿ ಎಲ್ಲ ಸೇರಿ ಹತ್ತೊಂಬತ್ತು ಹೆಂಗಸರು ಅರ್ಜಿ ಹಾಕಿದರು. ಹತ್ತೊಂಬತ್ತೂ ಅತ್ತೆಯ ಮಿಷನ್ನಿನಲ್ಲೇ ಹುಟ್ಟಿದವು. ಸಂದರ್ಶನದಲ್ಲಿ ಮ್ಯಾನೇಜರ್ ಮೊದಲನೆಯದನ್ನು ಓದಿದ, ಎರಡನೆಯದನ್ನು ಓದಿದ, ಆರನೆಯದಕ್ಕೆ ಬರುವಷ್ಟರಲ್ಲಿ ಪಕ್ಕದವರನ್ನೂ ಕರೆದು ಓದಿ ತೋರಿಸಿ ಬಿದ್ದು ಬಿದ್ದು ನಗತೊಡಗಿದ. ಏಳನೆಯವಳು ಬಟ್ಟೆ ಹೊಲಿಯುವ ಹೆಂಗಸು. ಅವಳನ್ನು ನಿಲ್ಲಿಸಿ, “ಏನಮ್ಮ, ನೀನು ಎಂಥೆಂಥ ಪರಿಸ್ಥಿತಿಗೆ ಹೊಂದಿಕೊಂಡಿದ್ದೀಯ, ಒಂದು ಹೇಳು” ಅಂದ. ಪಾಪ, ತನ್ನ ಅರ್ಜಿಯಲ್ಲಿ ಹಾಗೆ ಬರೆದಿದೆ ಎನ್ನುವುದೇ ಆಕೆಗೆ ಗೊತ್ತಿರಲಿಲ್ಲ. ತಬ್ಬಿಬ್ಬಾಗಿ ಎದ್ದು ಬಂದಳು.

ಅಲ್ಲಿಂದ ಸೀದಾ ಅಂಗಡಿಗೆ. “ಟೈಪಕ್ಕಾ, ನನ್ನ ಹೆಸರಿನ ಕೆಳಗೆ ಏನು ಬರೆದಿದ್ದೆ? ನಂಗೂ ಸ್ವಲ್ಪ ಹೇಳು” ಎಂದು ಕೇಳಿದಳಂತೆ. ಬೈಯಲಿಲ್ಲ, ಕೂಗಾಡಲಿಲ್ಲ. ಅತ್ತೆ ಅರ್ಥ ಹೇಳಿದಳು. ಆ ಹೆಂಗಸು “ಅಯ್ಯೋ, ಇದಾ! ಇದನ್ನ ಕೇಳಿದ್ನಾ? ಕಣ್ಣು ಕಾಣದ ಅಪ್ಪನ್ನ ನೋಡ್ಕೊಂಡು, ಸೂಜಿಗೆ ದಾರ ಪೋಣಿಸೋದೂ ಅವರಿಗೆ ಕಲಿಸ್ದೆ ಕಣಕ್ಕ. ಗುಂಡಿ ಹಚ್ಚೋದೆಲ್ಲ ಈಗ ಅವರೇ. ಗೊತ್ತಿದ್ರೆ ಹೇಳ್ತಿದ್ನಲ್ಲ” ಅಂದಳು. ಅವತ್ತು ಅತ್ತೆ ಮಧ್ಯಾಹ್ನದ ಊಟ ಮಾಡಲಿಲ್ಲ. ಆ ಹೆಂಗಸಿನ ಕೆಲಸ ತನ್ನಿಂದಲೇ ಕೆಟ್ಟಿತು ಎಂದು ಬಹಳ ದಿನ ಕೊರಗಿದಳು.

ಅಲ್ಲಿಂದ ಮುಂದೆ ಅತ್ತೆಯ ಬಾಯಲ್ಲಿ ಒಂದೇ ಮಾತು: ಆಧಾರ. ಅಡಾಪ್ಟ್ ಸಾಲು ಬೇಕಾದರೆ ಆಧಾರ ಕೊಡಬೇಕು. ಯಾವಾಗ, ಏನು ಬದಲಾಯಿತು, ನೀನು ಏನು ಮಾಡಿದೆ? ಈ ಮೂರಕ್ಕೂ ಉತ್ತರ ಬಂದಮೇಲೆಯೇ ಬೆರಳು ಅಲ್ಲಾಡುತ್ತಿದ್ದದ್ದು. ‘ಎನಿ’ ಎನ್ನುವುದನ್ನಂತೂ ಕಿತ್ತೇ ಹಾಕಿದಳು. “ಯಾವುದೇ ಪರಿಸ್ಥಿತಿಗೂ ಅಂದ್ರೆ ಅದು ಮನುಷ್ಯರು ಆಡೋ ಮಾತಲ್ಲ. ‘ಚೇಂಜಿಂಗ್’ ಅಂತ ಹಾಕೋಣ, ಬದಲಾಗೋ ಪರಿಸ್ಥಿತಿಗೆ ಅಂತ. ಅದರ ಹಿಂದೇನೇ ನೀನು ಮಾಡಿದ್ದು ಒಂದು ಬರಲಿ” ಎನ್ನುತ್ತಿದ್ದಳು. ಆಸ್ಪತ್ರೆಯ ಕ್ಯಾಂಟೀನಿಗೆ ಅರ್ಜಿ ಹಾಕಲು ಬಂದ ಒಬ್ಬಾಕೆ “ನಂದೇನೂ ಇಲ್ಲಕ್ಕ” ಅಂದಳಂತೆ. ಕೆದಕಿ ಕೆದಕಿ ಕೇಳಿದರೆ, ಗಂಡನ ತಾಯಿಗೆ ಕಿವಿ ಕೇಳಿಸದು, ಆಕೆಯ ಜೊತೆ ನಾಲ್ಕು ವರ್ಷದಿಂದ ಬರೀ ಕೈಸನ್ನೆಯಲ್ಲೇ ಸಂಸಾರ ಮಾಡುತ್ತಿದ್ದಾಳೆ! ಅತ್ತೆ ಅದನ್ನೇ ಬರೆದಳು. ಕೆಲಸ ಸಿಕ್ಕಿತು. ಇನ್ನೊಬ್ಬ ಮಹಾಶಯ ಟೈ ಕಟ್ಟಿಕೊಂಡು ಬಂದು ಅಡಾಪ್ಟ್ ಸಾಲು ದೊಡ್ಡದಾಗಿ ಹಾಕಿ ಅಂದರೆ, “ಆ ಕುರ್ಚಿ ಬಿಟ್ಟು ಈ ಕುರ್ಚೀಲಿ ಕೂತ್ಕೊಳ್ಳಪ್ಪ ಅಂದಿದ್ದಕ್ಕೇ ಮುಖ ಊದಿಸ್ಕೊಂಡ್ಯಲ್ಲ, ನಿಂಗೆ ಹೆಂಗೆ ಹಾಕ್ಲಿ?” ಎಂದು ವಾಪಸ್ ಕಳಿಸಿದಳು. ಯಜಮಾನರು ತಲೆ ಚಚ್ಚಿಕೊಂಡರು.

ಅಂಗಡಿಯ ಅತ್ತೆ ಹೀಗೆ. ಮನೆಯ ಅತ್ತೆ ಬೇರೆ.

ಮದುವೆಯಾದ ಹನ್ನೊಂದೇ ತಿಂಗಳಿಗೆ, ಇಪ್ಪತ್ತಮೂರರ ವಯಸ್ಸಿನಲ್ಲಿ, ಒಂದು ಟ್ರಂಕು ಹಿಡಿದುಕೊಂಡು ಅವಳು ಅಣ್ಣನ ಮನೆಗೆ ಬಂದಳು. ನಾನಾಗ ಒಂದು ವರ್ಷದ ಕೂಸು. ಗಂಡನಾದವನು ಕೈ ಎತ್ತುತ್ತಿದ್ದ. ಅವಳ ಎಡಗಿವಿಗೆ ಇವತ್ತಿಗೂ ಸರಿಯಾಗಿ ಕೇಳಿಸುವುದಿಲ್ಲ. ಆದರೆ ಬಂಧುಬಳಗದ ಬಾಯಲ್ಲಿ ಉಳಿದದ್ದು ಕಿವಿಯ ಸುದ್ದಿಯಲ್ಲ, ‘ಹೊಂದಿಕೊಂಡು ಹೋಗಲಿಲ್ಲ’ ಎನ್ನುವ ಸುದ್ದಿ. ಹಾಗೆ ಎಲ್ಲರಿಗಿಂತ ಹೆಚ್ಚು ಸಲ ಅಂದವಳು ನಮ್ಮಮ್ಮನೇ, ಮುಚ್ಚಿಡುವುದೇನು? ಒಗ್ಗರಣೆ ಸೀದರೂ ಅದೇ ಮಾತು, ಬಕೆಟ್ಟು ಜಾಗದಲ್ಲಿರದಿದ್ದರೂ ಅದೇ ಮಾತು. “ಹೊಂದ್ಕೊಂಡು ಹೋಗೋ ಬುದ್ಧಿ ಇದ್ದಿದ್ರೆ ಇವಳು ಇಲ್ಲಿ ಯಾಕಿರ್ತಿದ್ಲು!” ಅಮ್ಮನ ಬಾಯಿ ಅಂಥದ್ದು. ಅತ್ತೆ ಕೇಳಿಸುವ ಕಿವಿಯನ್ನು ಗೋಡೆಯ ಕಡೆ ತಿರುಗಿಸಿ ತನ್ನ ಕೆಲಸ ತಾನು ಮಾಡುತ್ತಿದ್ದಳು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಇಬ್ಬರ ಮೇಲೂ.

ನಮ್ಮದು ಎರಡು ಕೋಣೆ, ಒಂದು ಹಜಾರ, ಅಡುಗೆಮನೆ. ಹಜಾರದ ಮೂಲೆಗೆ ಹಳೆಯ ಹಾಸಿಗೆ ಹೊದಿಕೆಯೊಂದನ್ನು ಪರದೆ ಕಟ್ಟಿ, ಅದರ ಹಿಂದೆ ಮಡಚುವ ಮಂಚ ಹಾಕಿದರೆ ಅದೇ ಅತ್ತೆಯ ಜಾಗ. ಪಕ್ಕದಲ್ಲಿ ಅಮ್ಮನ ಹೊಲಿಗೆ ಮಿಷನ್, ಅದರ ಮೇಲೆ ಇಸ್ತ್ರಿಗೆ ಕಾದ ಬಟ್ಟೆ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಆಮೇಲೂ ಇಬ್ಬರೂ ಹಾಗೇ ಇದ್ದರು, ಅಮ್ಮ ಕೋಣೆಯಲ್ಲಿ, ಅತ್ತೆ ಪರದೆಯ ಹಿಂದೆ. ಬದಲಾಯಿಸೋಣ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಬೇರೆಯವರನ್ನು ಅಂದು ಪ್ರಯೋಜನವೇನು?

ಹೋದ ವರ್ಷ ಯಜಮಾನರು ಅಂಗಡಿಯನ್ನು ಫೋನ್ ರಿಪೇರಿಯವರಿಗೆ ಬಿಟ್ಟುಕೊಟ್ಟರು. ಐವತ್ತಮೂರನೆಯ ವಯಸ್ಸಿನಲ್ಲಿ ಅತ್ತೆ ಬರಿಗೈಯಲ್ಲಿ ಮನೆಗೆ ಬಂದು ಕೂತಳು. ಒಂದು ವಾರ ಇಡೀ ಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದಳು. ಎರಡನೆಯ ವಾರ ಪತ್ರಿಕೆಯಿಂದ ಒಂದು ಜಾಹೀರಾತು ಕತ್ತರಿಸಿ ನನ್ನ ಮುಂದೆ ಇಟ್ಟಳು. ಊರಿನ ಆ ತುದಿಯಲ್ಲಿ, ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ನರ್ಸಿಂಗ್ ಹಾಸ್ಟೆಲಿಗೆ ಕಚೇರಿ ಸಹಾಯಕಿ ಬೇಕಾಗಿದ್ದಳು. ಅಲ್ಲೇ ಇರಬೇಕು, ಕೋಣೆ ಕೊಡುತ್ತಾರೆ.

“ಒಂದು ಫೋನ್ ಮಾಡಿ ಕೇಳ್ತೀಯಾ?” ಅಂದಳು.

“ಏನಂತ?”

“ಆ ಕೋಣೆಗೆ ಬಾಗಿಲಿದೆಯಾ ಅಂತ. ಒಳಗಿಂದ ಚಿಲಕ ಹಾಕ್ಕೊಳ್ಳೋ ಹಂಗೆ.”

“ಬಾಗಿಲಿಲ್ಲದ ಕೋಣೆ ಯಾರಾದ್ರೂ ಕಟ್ತಾರಾ ಅತ್ತೆ!” ಎಂದು ನಕ್ಕೆ. ಅವಳು ನಗಲಿಲ್ಲ. ಪರದೆಯ ಕಡೆ ನನ್ನ ಕಣ್ಣು ತಾನಾಗಿ ಹೋಯಿತು. ಫೋನ್ ಎತ್ತಿಕೊಂಡು ಕೇಳಿದೆ. ಇದೆ ಅಂದರು, ಬಾಗಿಲೂ ಇದೆ, ಚಿಲಕವೂ ಇದೆ, ಒಂದು ಕಿಟಕಿಯೂ ಇದೆ. ಅತ್ತೆ ಜಾಹೀರಾತನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ಅವಳಿಗೆ ಆ ಕೆಲಸ ಎಷ್ಟು ಬೇಕಾಗಿದೆ ಎಂದು ನನಗೆ ಆಗ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಜಿಗೆ ಕೂತೆವು. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಬರವಣಿಗೆ ನನಗೆ ಅಷ್ಟಕ್ಕಷ್ಟೇ. ಆದರೂ ತನ್ನ ಅರ್ಜಿ ತಾನೇ ಬರೆದುಕೊಳ್ಳಲು ನಾಚಿಕೆ ಎಂದು ನನ್ನನ್ನು ಕೂರಿಸಿದ್ದಳು. ಜಾಹೀರಾತಿನಲ್ಲಿ ಮೊದಲ ಅರ್ಹತೆಯೇ ಅಡಾಪ್ಟ್ ಸಾಲು. ಖುಷಿಯಿಂದ ಅದನ್ನೇ ಟೈಪ್ ಮಾಡಲು ಹೊರಟೆ.

“ಅದು ಬೇಡ” ಅಂದಳು ಅತ್ತೆ.

“ಬೇಡ್ವಾ? ಅದನ್ನೇ ಕೇಳಿದ್ದಾರೆ ಕಣತ್ತೆ!”

“ಆಧಾರ ಇಲ್ಲ.”

“ತಮಾಷೆ ಮಾಡ್ತಿದ್ದೀಯಾ?”

“ಹನ್ನೊಂದು ತಿಂಗಳಿಗೆ ಬಿಟ್ಟು ಬಂದೋಳು ನಾನು. ಮೂವತ್ತು ವರ್ಷದಿಂದ ಎಲ್ರೂ ಹೇಳ್ತಾನೇ ಇದ್ದಾರೆ. ಬೇರೆಯವರ ಹತ್ರ ಆಧಾರ ಕೇಳಿ ಕೇಳಿ ಬರೆದು, ನಂಗೆ ಮಾತ್ರ ಸುಳ್ಳು ಬರ್ಕೊಳ್ಳಾ? ಬೇಡ ಬಿಡು. ಟೈಪಿಂಗ್ ಬರುತ್ತೆ ಅಂತ ಹಾಕು, ಸಾಕು.”

ನನಗೆ ಸಿಟ್ಟು ನೆತ್ತಿಗೇರಿತು. ಆ ಸಾಲಿಲ್ಲದ ಅರ್ಜಿ ಕಸದ ಬುಟ್ಟಿಗೆ ಹೋಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಸಾಲದ್ದಕ್ಕೆ ಹಾಸ್ಟೆಲಿನವರು ಇನ್ನೊಂದು ಕಾಗದ ಕೇಳಿದ್ದರು. ಅಭ್ಯರ್ಥಿಯ ಜೊತೆ ಒಂದೇ ಸೂರಿನಡಿ ಕನಿಷ್ಠ ಐದು ವರ್ಷ ಇದ್ದವರು ಆಕೆಯ ಸ್ವಭಾವದ ಬಗ್ಗೆ ಬರೆದುಕೊಡಬೇಕು. ನಾನು ಬರೆಯುತ್ತೇನೆ ಎಂದೆ. ಅತ್ತೆ ಮೊದಲೇ ಹಾಸ್ಟೆಲಿನಲ್ಲಿ ಕೇಳಿದಾಗ, ಚಿಕ್ಕವರು ಬರೆದರೆ ಆಗದು, ಮನೆಯ ಹಿರಿಯರು ಬರೆಯಲಿ ಎಂದಿದ್ದರಂತೆ. ಮನೆಯಲ್ಲಿ ಉಳಿದ ಹಿರಿಯರು ಒಬ್ಬರೇ. ಅವರು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದರು.

ಪಾತ್ರೆಯ ಸದ್ದು ನಿಂತಿತು. ಅಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ.

“ಆ ಡಬ್ಬ ಅವಳ ಕಡೆ ತಿರುಗಿಸು” ಅಂದಳು ನನಗೆ, ಲ್ಯಾಪ್‌ಟಾಪ್ ತೋರಿಸಿ. “ನಾನು ಹೇಳ್ತೀನಿ, ಅವಳು ಬರೀಲಿ. ಊರೋರದ್ದೆಲ್ಲ ಬರೆದಿದ್ದಾಳಂತೆ, ನಂದೂ ಬರೀಲಿ.”

ಮೂವತ್ತು ವರ್ಷದ್ದೆಲ್ಲ ಈಗ ಕಕ್ಕಿಬಿಡುತ್ತಾಳೆ ಎಂದುಕೊಂಡೆ. ಅತ್ತೆಯೂ ಹಾಗೇ ಅಂದುಕೊಂಡಿರಬೇಕು, ಮುಖ ಬಿಳಿಚಿಕೊಂಡಿತ್ತು. ಆದರೆ ಕೆಲಸದ ಅಭ್ಯಾಸ ನೋಡಿ, ಬೆನ್ನು ನೆಟ್ಟಗೆ ಮಾಡಿ ಬೆರಳುಗಳನ್ನು ಅಕ್ಷರಗಳ ಮೇಲೆ ಇಟ್ಟುಕೊಂಡಳು. ಜನ ಕನ್ನಡದಲ್ಲಿ ಹೇಳಿದ್ದು ಅವಳ ಬೆರಳಲ್ಲಿ ಇಂಗ್ಲಿಷಾಗಿ ಇಳಿಯುವುದು ಹೊಸದೇನಲ್ಲ.

“ಬರಿ. ಇವಳು ಹೊಂದ್ಕೊಂಡು ಹೋಗ್ತಾಳೆ.”

ಅತ್ತೆ ತಲೆಯೆತ್ತದೆ, “ಆಧಾರ?” ಅಂದಳು. ಬಾಯಿಗೆ ಅದು ಅಷ್ಟು ಒಗ್ಗಿಹೋಗಿತ್ತು, ಬೇಕೆಂದು ಕೇಳಿದ್ದಲ್ಲ.

“ಕೊಡ್ತೀನಿ, ಬರ್ಕೋ. ಈ ಹುಡುಗಿ ಹತ್ತನೇ ಕ್ಲಾಸಲ್ಲಿದ್ದಾಗ ಹಜಾರದ ದೀಪ ಓದೋಕೆ ಬೇಕು ಅಂತ, ಇವಳು ಒಂಬತ್ತು ತಿಂಗಳು ಅಡುಗೆಮನೇಲಿ ಒಲೆ ಪಕ್ಕ ಮಲಗಿದ್ಲು. ಯಾರೂ ಹೇಳಿರ್ಲಿಲ್ಲ, ತಾನೇ ಮಂಚ ಎತ್ಕೊಂಡು ಹೋದ್ಲು. ಬರೆದ್ಯಾ? ನಲವತ್ತನೇ ವಯಸ್ಸಲ್ಲಿ ಕಂಪ್ಯೂಟರ್ ಕಲಿತ್ಲು. ಕಲಿಸಿದ್ದು ಈ ಮಹಾರಾಣಿ. ದಿನಾ ಬೈತಿದ್ಲು ಅತ್ತೇನ, ದಡ್ಡಿ ದಡ್ಡಿ ಅಂತ. ಇವಳು ಒಂದಿನಾನೂ ಮುಖ ಗಂಟು ಹಾಕ್ಲಿಲ್ಲ.”

ನಾನು ನೆಲ ನೋಡಿದೆ. ನಿಜ, ಬೈಯುತ್ತಿದ್ದೆ.

“ನಿಮ್ಮಣ್ಣಂಗೆ ಲಕ್ವ ಹೊಡೆದಾಗ ನಂಗೆ ಕೈ ನಡುಗೋದು. ಗಡ್ಡ ಬೋಳಿಸೋದು ನೀನೇ ಕಲಿತೆ. ಅವರ ತೊದಲು ಮಾತು ನಂಗೆ, ಹೆಂಡ್ತಿಗೇ, ಅರ್ಥ ಆಗ್ತಿರ್ಲಿಲ್ಲ. ನೀನು ಕೂತು ಕೇಳಿ ಕೇಳಿ ಬರೆದು ನಂಗೆ ಓದಿ ಹೇಳ್ತಿದ್ದೆ. ಆಮೇಲೆ ಉಪ್ಪು.”

“ಉಪ್ಪು ಬೇಡ ಅತ್ತಿಗೆ” ಅಂದಳು ಅತ್ತೆ. ಬೆರಳು ನಿಂತಿತ್ತು.

“ಯಾಕೆ ಬೇಡ? ಡಾಕ್ಟ್ರು ಅವರಿಗೆ ಉಪ್ಪು ಬಿಡಿಸಿದ್ರು. ಅವರು ತಟ್ಟೆ ತಳ್ಳಿ ಮಗು ಹಂಗೆ ಅಳೋರು. ಅವತ್ತಿಂದ ನೀನೂ ಸಪ್ಪೆ ಊಟಾನೇ ಬಡಿಸ್ಕೊಂಡು ಅವರ ಎದುರಿಗೆ ಕೂತೆ. ನಾಲ್ಕು ವರ್ಷ. ನಾನು, ನನ್ನ ಮಗಳು ಇಲ್ಲಿ ಉಪ್ಪಿನಕಾಯಿ ಹಾಕ್ಕೊಂಡು ತಿಂದ್ವಿ. ನಿಂಗೇನು ರೋಗ ಇತ್ತಾ? ಬರಿ.”

ಅತ್ತೆಯ ಕೈ ಏಳಲಿಲ್ಲ. ನಾನು ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡು, ಬರುವಷ್ಟು ಇಂಗ್ಲಿಷಿನಲ್ಲಿ ಉಪ್ಪಿನ ಸಂಗತಿ ಬರೆದೆ. ಕಣ್ಣು ಮಂಜಾಗಿ ಎಷ್ಟು ತಪ್ಪು ಹೊಡೆದೆನೋ ಲೆಕ್ಕವಿಲ್ಲ.

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ದನಿ ಇಳಿಯಿತು. “ನನ್ನ ಬಾಯಿಗೂ ಹೊಂದ್ಕೊಂಡಿದ್ದಾಳೆ, ಅದನ್ನೂ ಹಾಕು. ಇನ್ನು ಆ ಹನ್ನೊಂದು ತಿಂಗಳು. ಹೊಡೆಯೋನ ಜೊತೆ ಹೊಂದ್ಕೊಳ್ಳೋದು ಒಂದು ಗುಣ ಅಲ್ಲ ಕಣೇ. ಬಿಟ್ಟು ಬಂದಿದ್ದು ಸರಿ. ಅವತ್ತು ಟ್ರಂಕು ಹಿಡ್ಕೊಂಡು ಬಂದಾಗ ನಾನು ಬಾಗಿಲಲ್ಲಿ ನಿಂತು, ವಾಪಸ್ ಹೋಗು, ಹೊಂದ್ಕೊಂಡು ಹೋಗು ಅಂದೆ. ಕಿವೀಲಿ ರಕ್ತ ಇತ್ತು. ನೋಡಿದೆ. ನೋಡಿನೂ ಅಂದೆ. ಅದನ್ನೂ ಬರಿ, ಅತ್ತಿಗೆ ಅನ್ನೋಳು ಹಿಂಗಂದ್ಲು ಅಂತ.”

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಅಂದಳು: “ಅತ್ತಿಗೆ, ಇದು ನನ್ನ ಸ್ವಭಾವದ ಪತ್ರ. ನಿಮ್ಮದಲ್ಲ.”

ಅಮ್ಮನಿಗೆ ನಗು ಬಂದುಬಿಟ್ಟಿತು. ಅಳುತ್ತಳುತ್ತಲೇ ನಕ್ಕಳು, ಅತ್ತೆಯೂ ನಕ್ಕಳು. ನಾನು ಪೆದ್ದಿಯ ಹಾಗೆ ಇಬ್ಬರ ಮುಖ ನೋಡುತ್ತ ಕೂತೆ. ಕೊನೆಗೆ ಅಮ್ಮ, “ಮುಗಿಸ್ತೀನಿ, ಇದೊಂದು ಹಾಕು. ಇವಳನ್ನ ಕಳಿಸೋಕೆ ನಂಗೆ ಮನಸ್ಸಿಲ್ಲ” ಅಂದಳು. ಅದು ಇಂಥ ಪತ್ರದಲ್ಲಿ ಬರುವ ಮಾತಲ್ಲ ಎಂದು ಅತ್ತೆ ಹೇಳಿದಳು. ಅಮ್ಮ ಕೇಳಬೇಕಲ್ಲ! ಹಾಕಿಸಿದಳು, ಕೆಳಗೆ ಓರೆಕೋರೆಯಾಗಿ ಸಹಿಯನ್ನೂ ಹಾಕಿದಳು.

ಸಂದರ್ಶನಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಬಾಗಿಲು ಅರೆ ತೆರೆದಿತ್ತು, ಹೊರಗಿನ ಬೆಂಚಿಗೆ ಎಲ್ಲ ಕೇಳಿಸುತ್ತಿತ್ತು. ಹಾಸ್ಟೆಲಿನ ಮೇಲ್ವಿಚಾರಕಿ ಅತ್ತೆಗಿಂತ ಹತ್ತು ವರ್ಷ ಚಿಕ್ಕವರು. ಅಮ್ಮನ ಕಾಗದವನ್ನು ಎರಡು ಸಲ ಓದಿದರು.

“ಕಳಿಸೋಕೆ ಮನಸ್ಸಿಲ್ಲ ಅಂತ ಬರೆದಿದ್ದಾರಲ್ಲಮ್ಮ. ಕೆಲಸ ಕೊಟ್ರೆ ಬರ್ತೀರಾ? ನಾಳೆ ಅವರು ಕರೆದ್ರು ಅಂತ ಬಿಟ್ಟು ಹೋಗಲ್ಲ ತಾನೆ?”

“ಬರ್ತೀನಿ ಮೇಡಂ” ಅಂದಳು ಅತ್ತೆ. “ಮೂವತ್ತು ವರ್ಷ ನಾನು ಹೊಂದ್ಕೊಂಡಿದ್ದೀನಿ. ಇನ್ನು ಸ್ವಲ್ಪ ದಿನ ಅವರು ಹೊಂದ್ಕೊಳ್ಳಲಿ.”

ಒಳಗೆ ಮೇಲ್ವಿಚಾರಕಿ ನಕ್ಕದ್ದು ಕೇಳಿಸಿತು. ಅಬ್ಬಾ, ನಮ್ಮತ್ತೆಗೆ ಇಂಥ ಬಾಯಿ ಇದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹತ್ತು ದಿನಕ್ಕೆ ಕೆಲಸಕ್ಕೆ ಬರಬೇಕೆಂದು ಕಾಗದ ಬಂತು.

ಬಿಡಲು ಅಮ್ಮನೂ ಬಂದಳು. ಬಸ್ಸಿನಲ್ಲಿ ಇಡೀ ದಾರಿ ಗೊಣಗಿದಳು: ಹಾಸ್ಟೆಲಿನ ನೀರು ಗಡಸಂತೆ, ಅಲ್ಲಿ ಸೊಳ್ಳೆಯಂತೆ, ಹುಡುಗಿಯರು ತಲೆ ಮೇಲೆ ಕೂರುತ್ತಾರಂತೆ. ಮೊದಲ ಮಹಡಿಯ ಕೊನೆಯ ಕೋಣೆಯ ಕೀಲಿಯನ್ನು ಒಬ್ಬ ಆಯಾ ಅತ್ತೆಯ ಕೈಗೆ ಕೊಟ್ಟು ಹೋದಳು. ಅತ್ತೆ ಬಾಗಿಲು ತೆರೆದಳು. ಒಂದು ಮಂಚ, ಒಂದು ಮೇಜು, ಕಿಟಕಿ. ಒಳಗೆ ಹೋಗಿ ನಡುವೆ ನಿಂತು ಸುತ್ತ ನೋಡಿದಳು. ಆಮೇಲೆ ನಮ್ಮ ಕಡೆ ತಿರುಗಿ, “ಒಂದ್ನಿಮಿಷ” ಅಂದಳು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ಅವಳ ಚೀಲ, ಬಕೆಟ್ಟು, ಹಾಸಿಗೆ ಸುರುಳಿಯ ಜೊತೆ ನಾವಿಬ್ಬರೂ ಹೊರಗೆ ಉಳಿದೆವು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ನನಗೆ ಗಾಬರಿಯಾಗಿ ತಟ್ಟಲು ಕೈ ಎತ್ತಿದೆ. ಅಮ್ಮ ಗಬಕ್ಕನೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

“ತಟ್ಟಬೇಡ ಕಣೇ” ಅಂದಳು ಮೆಲ್ಲಗೆ. ಹಾಸಿಗೆ ಸುರುಳಿಯ ಮೇಲೆ ಕೂತು, ನನ್ನನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. “ಮೂವತ್ತು ವರ್ಷ ಆಯ್ತು. ನಮ್ಮನೇಲಿ ಅವಳಿಗೆ ಅಳೋಕೂ ಒಂದು ಜಾಗ ಇರ್ಲಿಲ್ಲ.”